ಊರೊಳಗಿನ ತೋಟವೂ ಅದರ ನೀರೂ: ರಾಂಪುರದ ಹಿತ್ತಲಿನಿಂದ ಸಂಪಂಗಿ ಕೆರೆಯವರೆಗೆ

‘ನಗರ ಕೃಷಿ’ ಎಂಬ ಮಾತು ಕನ್ನಡಕ್ಕೆ ಹೊಸದು. ಆ ಮಾತು ಸೂಚಿಸುವ ವಸ್ತು ಹೊಸದಲ್ಲ. ಹೊಲ, ಗದ್ದೆ, ತೋಟ, ಹಿತ್ತಲು ಎಂಬ ನಾಲ್ಕು ಹೆಸರುಗಳಿಂದ ನಮ್ಮ ಜನರು ಬೇಸಾಯದ ನೆಲವನ್ನು ವಿಂಗಡಿಸಿಕೊಂಡು ಬಂದಿದ್ದಾರೆ. ಹೊಲವು ಮಳೆಯದು, ಗದ್ದೆಯು ಕೆರೆ ಕಾಲುವೆಗಳದು, ತೋಟವು ಬಹುಮಟ್ಟಿಗೆ ಬಾವಿಯದು. ಹಿತ್ತಲಾದರೋ ಬಚ್ಚಲಿನದು. ಈ ಹೆಸರುಗಳು ಬೆಳೆಯನ್ನು ನೋಡಿ ಹುಟ್ಟಿದುವಲ್ಲ, ನೀರಿನ ಮೂಲವನ್ನು ನೋಡಿ ಹುಟ್ಟಿದುವು ಎಂದು ತೋರುತ್ತದೆ. ಊರಿನ ನಡುವೆ ಇದ್ದುಕೊಂಡು ನೆರೆಹೊರೆಯವರಿಗೆ ಉಣಲಿಕ್ಕಿ, ಅವರನ್ನು ಒಬ್ಬರಿಗೊಬ್ಬರು ಬೇಕಾದವರನ್ನಾಗಿ ಮಾಡುವ ತೋಟದ ಸ್ವರೂಪವನ್ನು ವಿಚಾರಿಸಹೊರಟರೆ, ಗಿಡಗಳಿಗಿಂತ ಮೊದಲು ನೀರನ್ನೇ ವಿಚಾರಿಸಬೇಕಾಗುತ್ತದೆ. ಪ್ರಸ್ತುತ ಲೇಖನದ ಉದ್ದೇಶ ಅಷ್ಟೇ.

ವಿಚಾರಕ್ಕೆ ಆರಂಭಸ್ಥಳವಾಗಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರವನ್ನು ಆರಿಸಿಕೊಂಡಿದೆ. ಸಮಾಜಶಾಸ್ತ್ರದ ವಾಚಕರಿಗೆ ರಾಂಪುರವೆಂದೊಡನೆ ಎಂ. ಎನ್. ಶ್ರೀನಿವಾಸರು 1948ರಲ್ಲಿ ಅಭ್ಯಾಸಮಾಡಿ 1976ರಲ್ಲಿ ಗ್ರಂಥರೂಪಕ್ಕೆ ತಂದ ಹಳ್ಳಿ ನೆನಪಾಗುವುದು ಸಹಜ. ಅದು ಮೈಸೂರಿನ ಸಮೀಪದ ಬೇರೊಂದು ಊರಿಗೆ ಅವರಿತ್ತ ಕಲ್ಪಿತ ನಾಮ. ಕಾವೇರಿಯ ಸೀಮೆಯ ಆ ಊರಿಗೂ ನಮ್ಮ ರಾಂಪುರಕ್ಕೂ ಹೆಸರಿನ ಸಂಬಂಧವಲ್ಲದೆ ಮತ್ತಾವ ಸಂಬಂಧವೂ ಇಲ್ಲ. ನಮ್ಮದು ಬಳ್ಳಾರಿಯಿಂದ ಚಳ್ಳಕೆರೆಗೆ ಬರುವ ಹೆದ್ದಾರಿಯ ಮೇಲಿನ ಊರು. ಆಂಧ್ರದ ರಾಯದುರ್ಗ ಸೀಮೆ ದೂರವಿಲ್ಲ. ಕನ್ನಡದ ಜೊತೆಗೆ ತೆಲುಗೂ ಬೀದಿಯಲ್ಲಿ ಕೇಳಿಬರುತ್ತದೆ. ಹಳ್ಳಿಯೆನ್ನಲು ದೊಡ್ಡದು, ಪಟ್ಟಣವೆನ್ನಲು ಚಿಕ್ಕದು. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರುಗಳು ಸೇರುತ್ತವೆ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸಿನಲ್ಲಿ ಬಿದ್ದರೆ ಒಳ್ಳೆಯ ವರ್ಷ. ಹೊಲಗಳಲ್ಲಿ ಶೇಂಗಾ ಮುಖ್ಯ; ನಡುನಡುವೆ ತೊಗರಿ, ಅಲಸಂದೆಗಳ ಅಕ್ಕಡಿ ಸಾಲುಗಳು. ಶೇಂಗಾ ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಹೋಗುತ್ತದೆ. ಹೊಲವು ಹಣವನ್ನು ತರಬಹುದು, ಪಲ್ಯವನ್ನು ತರುವುದಿಲ್ಲ.

ಪಲ್ಯವನ್ನು ಕೊಡತಕ್ಕದ್ದು ಹಿತ್ತಲು. ಈ ಸೀಮೆಯ ಹಿತ್ತಲಿನಲ್ಲಿ ಇರುವುದು ಬಹುಮಟ್ಟಿಗೆ ಬಾಯಾರಿಕೆಯನ್ನು ಸಹಿಸುವ ಗಿಡಗಳು: ಒಂದು ನುಗ್ಗೆ, ಒಂದು ಕರಿಬೇವು, ಬಚ್ಚಲಿನ ಮೋರಿಯ ಬಾಯಲ್ಲಿ ಬಾಳೆಯ ಒಂದೆರಡು ಕಂದು, ಚಪ್ಪರದ ಮೇಲೆ ಅವರೆ ಅಥವಾ ಹೀರೆ, ಬೇಲಿಯಂಚಿಗೆ ಪುಂಡಿ ಸೊಪ್ಪು. ನುಗ್ಗೆಸೊಪ್ಪನ್ನು ಕೇಳಲು ಬಂದ ನೆರೆಯವರಿಗೆ ‘ಇಲ್ಲ’ ಎನ್ನುವ ಮನೆ ಅಪೂರ್ವ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯು ಹಿತ್ತಲನ್ನು ಹೀಗಳೆಯುತ್ತದೆಂದು ಕೆಲವರು ತಿಳಿದಿದ್ದಾರೆ. ಹಿತ್ತಲಿನಲ್ಲಿ ಮದ್ದು ಇದ್ದೇ ಇರುತ್ತದೆಂಬ ನಂಬಿಕೆಯಿಲ್ಲದಿದ್ದರೆ ಆ ಗಾದೆಗೆ ಚುಚ್ಚುವ ಶಕ್ತಿಯೇ ಇರುತ್ತಿರಲಿಲ್ಲ.

ಆದರೆ ಹಿತ್ತಲು ಎಷ್ಟನ್ನು ಕೊಡಬಲ್ಲದು? ಇಲ್ಲಿ ಒಂದು ಲೆಕ್ಕವನ್ನು ಹಾಕಿ ನೋಡುವುದು ಉಪಯುಕ್ತ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2011ರ ತನ್ನ ಆಹಾರಸೂಚಿಯಲ್ಲಿ ವಯಸ್ಕನೊಬ್ಬನಿಗೆ ದಿನಕ್ಕೆ 300 ಗ್ರಾಂ ತರಕಾರಿಯನ್ನು ಹೇಳಿದೆ. ಐವರ ಸಂಸಾರಕ್ಕೆ ಇದು ದಿನಕ್ಕೆ ಒಂದೂವರೆ ಕಿಲೋಗ್ರಾಂ. ಇಷ್ಟನ್ನು ವರ್ಷವಿಡೀ ಬೆಳೆಯಲು ಸುಮಾರು 200 ಚದರ ಮೀಟರ್, ಅಂದರೆ ಎರಡು ಗುಂಟೆ ನೆಲ ಬೇಕೆಂಬುದು ಕೃಷಿ ವಿಸ್ತರಣೆಯವರು ರೂಢಿಯಲ್ಲಿ ಹೇಳುವ ಪ್ರಮಾಣ. ಎರಡು ಗುಂಟೆಯ ತರಕಾರಿ ಮಡಿಗೆ ದಿನಕ್ಕೆ ಸರಾಸರಿ 5 ಮಿಲಿಮೀಟರ್ ನೀರೆಂದು ಇಟ್ಟುಕೊಂಡರೆ 1,000 ಲೀಟರ್ ಆಗುತ್ತದೆ. ಏಪ್ರಿಲ್, ಮೇ ತಿಂಗಳುಗಳ ಬಿಸಿಲಿಗೆ ಇದು ಸಾಲದು. ವರ್ಷದ ಲೆಕ್ಕಕ್ಕೆ 1,825 ಮಿಲಿಮೀಟರ್ ಬೇಕಾದಲ್ಲಿ ಆಕಾಶವು ಕೊಡುವುದು 500, ಅದೂ ಬೇಕಾದಾಗಲ್ಲ. ಉಳಿದುದನ್ನು ಎಲ್ಲಿಂದ ತರಬೇಕು? 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಗ್ರಾಮಗಳಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರನ್ನು ಪ್ರಮಾಣವೆಂದು ಗೊತ್ತುಮಾಡಿದೆ. ಇದರಲ್ಲಿ ಸ್ನಾನ, ಪಾತ್ರೆ, ಬಟ್ಟೆಗಳಿಗೆ ಬಳಸಿ ಹೊರಬೀಳುವುದು ತಲೆಗೆ 40 ಲೀಟರ್ ಎಂದು ಧಾರಾಳವಾಗಿಯೇ ಹಿಡಿದರೂ, ಐವರ ಮನೆಯ ಬಚ್ಚಲಿನಿಂದ ದೊರೆಯುವುದು 200 ಲೀಟರ್. ಮಳೆಯಿಲ್ಲದ ದಿನಗಳಲ್ಲಿ ಐದು ಮನೆಗಳ ಬಚ್ಚಲು ಕೂಡಿದರೆ ಒಂದು ಮನೆಯ ತರಕಾರಿ ಎಂದಾಯಿತು. ಸೋಪಿನ ನೀರು ಬಾಳೆಗೂ ಕೆಸುವಿಗೂ ಒಗ್ಗುತ್ತದೆ, ಎಳೆಯ ಸೊಪ್ಪಿಗೆ ಒಗ್ಗುವುದಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಈ ಲೆಕ್ಕದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಣ ಸೀಮೆಯಲ್ಲಿ ಒಂಟಿ ಮನೆಯು ತನ್ನ ಹಿತ್ತಲಿನಿಂದ ತನ್ನ ಹೊಟ್ಟೆಯನ್ನು ತುಂಬಿಕೊಳ್ಳಲಾರದು. ಪಲ್ಯಕ್ಕೆ ನಂಚಿಕೊಳ್ಳುವಷ್ಟು ಸೊಪ್ಪು, ಸಾರಿಗೆ ಒಗ್ಗರಣೆ, ಹಬ್ಬಕ್ಕೆ ಬಾಳೆಯೆಲೆ ದೊರೆತಾವು. ಅದಕ್ಕಿಂತ ಹೆಚ್ಚಿನದು ಬೇಕಾದರೆ ನೀರನ್ನು ಕೂಡಿಸಬೇಕು. ನೀರನ್ನು ಕೂಡಿಸಬೇಕಾದರೆ ಜನ ಕೂಡಬೇಕು. ಊರೊಳಗಿನ ತೋಟವು ನೆರೆಯವರನ್ನು ಹತ್ತಿರ ತರುತ್ತದೆಂದು ಇಂದು ಹೇಳುವವರು ಸಾಮಾನ್ಯವಾಗಿ ಬೆಳೆದುದನ್ನು ಹಂಚಿಕೊಳ್ಳುವ ಸಂತೋಷವನ್ನು ಕುರಿತು ಹೇಳುತ್ತಾರೆ. ಹಂಚಿಕೆ ಬೆಳೆದ ಮೇಲಿನ ಮಾತು. ಬೆಳೆಯುವುದಕ್ಕೆ ಮುಂಚೆಯೇ ಒಂದು ಹಂಚಿಕೆ ನಡೆಯಬೇಕಾಗಿದೆ. ನಿಜವಾದ ಸಂಬಂಧ ಅಲ್ಲಿ ಹುಟ್ಟುತ್ತದೆ, ನಿಜವಾದ ಜಗಳವೂ ಅಲ್ಲಿಯೇ ಹುಟ್ಟುತ್ತದೆ.

ಇದಕ್ಕೆ ಕರ್ನಾಟಕದಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ನಿದರ್ಶನ ಬೆಂಗಳೂರಿನದು. ರಾಂಪುರದಿಂದ ಬೆಂಗಳೂರಿಗೆ ಹಾರುವುದು ವಾಚಕರಿಗೆ ದೂರವೆನಿಸಬಹುದು. ಆದರೆ ಇವೆರಡನ್ನೂ ಒಂದು ತರಕಾರಿಯ ಹೆಸರು ಆಗಲೇ ಕೂಡಿಸಿದೆ. ನಾವು ಸೀಮೆಬದನೆ ಎನ್ನುವ ಕಾಯಿಗೆ ತೆಲುಗಿನವರು ಇಟ್ಟಿರುವ ಹೆಸರು ‘ಬೆಂಗಳೂರು ವಂಕಾಯ’. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1874ರಿಂದ 1908ರವರೆಗೆ ಅಧಿಕಾರಿಯಾಗಿದ್ದ ಜಾನ್ ಕ್ಯಾಮರನ್ ಈ ಅಮೆರಿಕ ಖಂಡದ ಬಳ್ಳಿಯನ್ನು ಇಲ್ಲಿಗೆ ತಂದನು. ಸರಕಾರಿ ತೋಟದಲ್ಲಿ ಹತ್ತಿದ ಬಳ್ಳಿಯೊಂದು ಊರಿನ ಹೆಸರನ್ನು ಹೊತ್ತು ತೆಲುಗು ನಾಡಿನ ಅಡಿಗೆಮನೆಗಳವರೆಗೆ ಹೋಗಬೇಕಾದರೆ, ನಡುವೆ ಅದನ್ನು ಬೆಳೆದು ಮಾರುವ ಕೈಗಳು ಹೇರಳವಾಗಿದ್ದಿರಬೇಕು. ಆ ಕೈಗಳಲ್ಲಿ ಪ್ರಮುಖವಾದುವು ತಿಗಳರವು.

ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವ ತಿಗಳರು ಬೆಂಗಳೂರಿನ ತೋಟಗಾರರು. ಹೈದರಾಲಿಯು 1760ರಲ್ಲಿ ಲಾಲ್‌ಬಾಗನ್ನು ಮಾಡಿಸುವಾಗ ತಮಿಳು ಸೀಮೆಯಿಂದ ಇವರನ್ನು ಕರೆಸಿದನೆಂದು ಹೇಳುವವರುಂಟು. ಅದಕ್ಕೂ ಮುಂಚೆಯೇ ಇಲ್ಲಿದ್ದರೆಂದು ಹೇಳುವವರೂ ಉಂಟು. 1537ರಲ್ಲಿ ಕೆಂಪೇಗೌಡನು ಪೇಟೆಯನ್ನು ಕಟ್ಟಿದುದಾಗಿ ಪ್ರತೀತಿ. ನದಿಯಿಲ್ಲದ ಆ ಎತ್ತರದ ನೆಲದ ಜೀವನವು ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಸಿದ್ದಿಕಟ್ಟೆ, ಕಾರಂಜಿ ಎಂಬ ಕೆರೆಗಳ ಮೇಲೆ ನಿಂತಿತ್ತು. ಪೇಟೆಯ ಪೂರ್ವಕ್ಕೆ ಬ್ರಿಟಿಷರು 1809ರ ಸುಮಾರಿಗೆ ದಂಡು ಪ್ರದೇಶವನ್ನು ಸ್ಥಾಪಿಸಿದರು. ಪೇಟೆಗೂ ದಂಡಿಗೂ ನಡುವಣ ಸೀಮೆಯಲ್ಲಿ ಇದ್ದದ್ದು ಸಂಪಂಗಿ ಕೆರೆ. ಒಂದು ಕಡೆಯ ಜನ ಅವರೆ, ಬದನೆ, ದಂಟು ಕೇಳುವವರು. ಇನ್ನೊಂದು ಕಡೆಯವರು ಎಲೆಕೋಸು, ಕ್ಯಾರೆಟ್ಟು, ನವಿಲುಕೋಸು ಕೇಳುವವರು. ಒಂದೇ ಕೆರೆಯ ನೀರಿನಲ್ಲಿ ಎರಡು ರುಚಿಗಳನ್ನೂ ಬೆಳೆಯುವ ಭಾಗ್ಯ ಅಥವಾ ಕಷ್ಟ ತೋಟಗಾರರದಾಯಿತು.

ಕೆರೆಯ ಕೆಳಗಣ ತೋಟವು ಹೇಗೆ ನಡೆಯುತ್ತಿತ್ತೆಂಬುದನ್ನು ಸ್ವಲ್ಪ ವಿವರಿಸಬೇಕು. ಏರಿಯ ತೂಬಿನಿಂದ ಬಿಟ್ಟ ನೀರು ಕಾಲುವೆಗಳಲ್ಲಿ ಹರಿದು ಮಡಿಗಳಿಗೆ ಹೋಗುವುದು ಕಣ್ಣಿಗೆ ಕಾಣುವ ನೀರಾವರಿ. ಅದಕ್ಕಿಂತ ಮುಖ್ಯವಾದುದು ಕಣ್ಣಿಗೆ ಕಾಣದ್ದು: ಕೆರೆ ತುಂಬಿದಾಗ ಸುತ್ತಲ ಬಾವಿಗಳಲ್ಲಿ ನೀರು ಏರುತ್ತಿತ್ತು. ತೋಟಗಾರನು ಕಪಿಲೆಯಿಂದಲೋ ಏತದಿಂದಲೋ ಆ ನೀರನ್ನು ಎತ್ತಿ, ಬೆಳಗಿನ ಜಾವ ಮತ್ತು ಸಂಜೆ ಮಡಿಗಳಿಗೆ ಹಾಯಿಸುತ್ತಿದ್ದನು. ಬಾವಿ ಒಬ್ಬನದು, ಬಾವಿಯೊಳಗಿನ ನೀರು ಎಲ್ಲರದು. ಕೆರೆಗೆ ನೀರು ಬರುವ ಹಾದಿ ಕಟ್ಟಿದರೆ ಎಲ್ಲರ ಬಾವಿಯೂ ಒಟ್ಟಿಗೆ ಬತ್ತುತ್ತದೆ. ಹಾಗಾಗಿ ಹೂಳು ತೆಗೆಯುವುದು, ಏರಿ ಕಾಯುವುದು, ಕೋಡಿಯನ್ನು ಸರಿಮಾಡುವುದು ಯಾರ ದಯೆಯ ಕಾರ್ಯವೂ ಆಗಿರಲಿಲ್ಲ, ಸ್ವಾರ್ಥದ ಕಾರ್ಯವಾಗಿತ್ತು. ನೀರುಗಂಟಿಯ ಮಾತಿಗೆ ನಮ್ಮ ಕೆರೆಯ ಊರುಗಳಲ್ಲಿ ಎಷ್ಟು ಬೆಲೆಯಿತ್ತೆಂಬುದನ್ನು ಬಲ್ಲವರಿಗೆ ಇದು ಹೊಸ ವಿಷಯವಲ್ಲ.

ನೀರಿನಂತೆ ಗೊಬ್ಬರವೂ ಊರನ್ನು ತೋಟಕ್ಕೆ ಕಟ್ಟಿತ್ತು. ಪೇಟೆಯ ಸಗಣಿ, ಬೂದಿ, ಕಸ ತೋಟಕ್ಕೆ; ತೋಟದ ಸೊಪ್ಪು ಮರುದಿನ ಬೆಳಗಿನೊಳಗೆ ಪೇಟೆಗೆ. ಈ ಕೊಡುಕೊಳ್ಳುವಿಕೆಗೆ ವಿಜ್ಞಾನದ ರೂಪವನ್ನು ಕೊಟ್ಟವರೂ ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಗೊಬ್ಬರದ ವಿಧಾನವು ‘ಬೆಂಗಳೂರು ಪದ್ಧತಿ’ ಎಂದು ದೇಶದಲ್ಲೆಲ್ಲ ಹೆಸರಾಯಿತು. ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ತಿಂಗಳುಗಟ್ಟಲೆ ಕೊಳೆಯಬಿಡುವುದು ಅದರ ಕ್ರಮ. ಪುರಸಭೆಗಳಿಗೆ ಇದು ಅನುಕೂಲವಾಗಿ ಕಂಡಿತು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು: ಆ ಮಲವನ್ನು ಗುಂಡಿಯವರೆಗೆ ಹೊತ್ತವರು ಯಾರು ಎಂಬ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತಿದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಲು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಆಜ್ಞೆ ಮಾಡಬೇಕಾಯಿತು. ಹಳೆಯ ಊರು ತೋಟಗಳ ಸಂಬಂಧವನ್ನು ಹೊಗಳುವವರು ಅದರ ಒಂದು ತುದಿಯಲ್ಲಿ ಈ ಹೊರೆ ಇದ್ದುದನ್ನು ಮರೆತರೆ ಆ ಹೊಗಳಿಕೆ ಅಪ್ರಾಮಾಣಿಕವಾಗುತ್ತದೆ. ಎಲ್ಲರನ್ನೂ ಕೂಡಿಸುವುದು ಬೇರೆ, ಎಲ್ಲರನ್ನೂ ಸಮಾನರಾಗಿ ಕೂಡಿಸುವುದು ಬೇರೆ.

ತೋಟಗಾರರ ಬಾಳಿನ ನಡುನಾಯಕವಾದ ಹಬ್ಬ ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಲ್ಲಿ ದ್ರೌಪದಿಯ ಶಕ್ತಿಯನ್ನು ಆರಾಧಿಸಿ, ಚೈತ್ರ ಶುದ್ಧ ಪೂರ್ಣಿಮೆಯ ರಾತ್ರಿ ಹೂವಿನ ಕರಗವನ್ನು ಸ್ತ್ರೀವೇಷದ ಪೂಜಾರಿ ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ಕತ್ತಿ ಹಿಡಿದ ವೀರಕುಮಾರರು ಸುತ್ತಲೂ ಇರುತ್ತಾರೆ. ಮೆರವಣಿಗೆಯು ಪೇಟೆಯ ಗುಡಿಗಳಿಗೆ ಮಾತ್ರವಲ್ಲದೆ ಕಾಟನ್‌ಪೇಟೆಯಲ್ಲಿರುವ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುತ್ತದೆ. ಹಬ್ಬವು ನಡೆಯುವ ಕಾಲವನ್ನು ಗಮನಿಸಬೇಕು: ಬೇಸಗೆ ಏರಿ, ಕೆರೆ ತಗ್ಗಿ, ಮುಂದಿನ ಮಳೆಗೆ ಇನ್ನೂ ದಿನಗಳಿರುವಾಗ. ಹಬ್ಬದ ವಿಧಿಗಳಿಗೆ ಜಲದ ಸನ್ನಿಧಿ ಅವಶ್ಯಕ. ಅವುಗಳಲ್ಲಿ ಸಂಪಂಗಿ ಕೆರೆಯದು ಮುಖ್ಯ ಸ್ಥಾನ. ತೋಟಗಾರರ ದೈವವು ನೀರಿನ ಬಳಿಗೆ ಬರುವುದರಲ್ಲಿ ಆಶ್ಚರ್ಯಪಡತಕ್ಕದ್ದು ಏನೂ ಇಲ್ಲ.

ಈ ವ್ಯವಸ್ಥೆ ಮುರಿದದ್ದು ಹೇಗೆ? ನಗರ ಬೆಳೆಯಿತು, ತೋಟ ಅಳಿಯಿತು ಎಂಬುದು ಸುಲಭವಾದ ಉತ್ತರ. ಸಂಪಂಗಿಯ ಚರಿತ್ರೆ ಬೇರೆಯದನ್ನು ಹೇಳುತ್ತದೆ. ಪೇಟೆಗೂ ದಂಡಿಗೂ ಕೆಲವು ಭಾಗಗಳಿಗೆ ಈ ಕೆರೆಯೇ ಕುಡಿಯುವ ನೀರನ್ನು ಕೊಡುತ್ತಿದ್ದಷ್ಟು ಕಾಲ ಅದರ ಮೇಲೆ ಎಲ್ಲರ ಕಣ್ಣೂ ಇತ್ತು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ನಗರಕ್ಕೆ ಬಂದಿತು. ಮನೆಯ ನಲ್ಲಿಯಲ್ಲಿ ನೀರು ಬಂದ ದಿನ ಕೆರೆಯು ನಗರದ ಬಹುಪಾಲು ಜನಕ್ಕೆ ಬೇಡವಾಯಿತು. ತೋಟಗಾರರಿಗೆ ಮಾತ್ರ ಬೇಕಾಗಿ ಉಳಿಯಿತು. ಹಿತಾ ಉನ್ನಿಕೃಷ್ಣನ್, ಹರಿಣಿ ನಾಗೇಂದ್ರ ಮೊದಲಾದವರು ಹಳೆಯ ನಕ್ಷೆಗಳನ್ನೂ ಸರಕಾರಿ ಕಡತಗಳನ್ನೂ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮುಂದಿನ ಕಥೆ ಇದೆ. ಕೆರೆಯ ಅಂಗಳದ ಒಣಗಿದ ಭಾಗ ಪೋಲೋ ಆಟಕ್ಕೆ ಒಳ್ಳೆಯ ಬಯಲಾಗಿ ಕಂಡಿತು. ನೀರು ನಿಲ್ಲಬೇಕೆಂದು ತೋಟಗಾರರು ಬೇಡಿದರು. ನಿಲ್ಲಬಾರದೆಂದು ಆಟಗಾರರು ಬಯಸಿದರು. ಎರಡನೆಯವರ ಮಾತು ನಡೆಯಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಕೆರೆ ಬಹುತೇಕ ಬರಿದಾಗಿತ್ತು; ಅದರ ಅಂಗಳ ಕ್ರೀಡಾಂಗಣವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟವು ನಡೆದ ಕಂಠೀರವ ಕ್ರೀಡಾಂಗಣ ನಿಂತಿರುವುದು ಅಲ್ಲಿಯೇ. ಮಗ್ಗುಲಲ್ಲಿ ಒಂದು ಚಿಕ್ಕ ಚೌಕ ಕೊಳವನ್ನು ಉಳಿಸಿದ್ದಾರೆ. ಕರಗದವರು ಈಗಲೂ ಅಲ್ಲಿಗೆ ಬರುತ್ತಾರೆ. ಧರ್ಮಾಂಬುಧಿಯು ಬಸ್ ನಿಲ್ದಾಣವಾಯಿತು. ಸಿದ್ದಿಕಟ್ಟೆಯ ಮೇಲೆ ಎದ್ದ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಇಂದು ತರಕಾರಿ ಬರುವುದು ಹೊರಗಣ ತಾಲ್ಲೂಕುಗಳಿಂದ, ಲಾರಿಗಳಲ್ಲಿ.

ಬೇರೆ ದೇಶಗಳಲ್ಲಿ ಊರ ತೋಟಗಳು ಉಳಿದಿರುವಲ್ಲಿ ಅವು ಪ್ರೀತಿಯಿಂದ ಮಾತ್ರ ಉಳಿದಿಲ್ಲ, ಕಾನೂನಿನಿಂದ ಉಳಿದಿವೆ. ಇಂಗ್ಲೆಂಡಿನ 1908ರ ಶಾಸನವು ಜನರು ಕೇಳಿದಲ್ಲಿ ಸ್ಥಳೀಯ ಸಂಸ್ಥೆಯು ತೋಟದ ತುಂಡುಗಳನ್ನು ಒದಗಿಸಬೇಕೆಂದು ಕಡ್ಡಾಯ ಮಾಡಿತು. ಅಲ್ಲಿಯ ರೂಢಿಯ ತುಂಡಿನ ಅಳತೆ ಸುಮಾರು 250 ಚದರ ಮೀಟರ್, ಅಂದರೆ ನಮ್ಮ ಎರಡೂವರೆ ಗುಂಟೆ. ಸಂಸಾರವೊಂದರ ತರಕಾರಿಗೆ ಬೇಕಾದ ನೆಲವನ್ನು ಕುರಿತು ಅವರ ಅನುಭವವೂ ನಮ್ಮ ಲೆಕ್ಕವೂ ಹತ್ತಿರ ಬರುವುದು ಕುತೂಹಲಕರ. ಕ್ಯೂಬಾದಲ್ಲಿ 1991ರ ಅನಂತರ ಸೋವಿಯೆತ್ ನೆರವು ನಿಂತಾಗ ಹವಾನಾ ನಗರದ ಖಾಲಿ ನಿವೇಶನಗಳನ್ನು ಬೆಳೆಯುವವರ ಅನುಭೋಗಕ್ಕೆ ಬಿಟ್ಟುಕೊಟ್ಟರು. ಲಂಡನ್ನಿನಲ್ಲಿ ನೀರನ್ನು ಆಕಾಶವೇ ಕೊಡುತ್ತದೆ, ಅವರಿಗೆ ನೆಲದ ಚಿಂತೆ ಸಾಕು. ನಮಗೆ ಎರಡರ ಚಿಂತೆಯೂ ಬೇಕು.

ಬೆಂಗಳೂರಿನಲ್ಲಿ ಈಚಿನ ದಶಕಗಳಲ್ಲಿ ತಾರಸಿ ತೋಟಗಳು ಹಬ್ಬಿವೆ. ಕೃಷಿ ವಿಜ್ಞಾನಿ ಬಿ. ಎನ್. ವಿಶ್ವನಾಥರಂಥವರು ಇದಕ್ಕಾಗಿ ಬಹಳ ದುಡಿದಿದ್ದಾರೆ. ಅದನ್ನು ಅಲ್ಲಗಳೆಯುವುದು ಸಲ್ಲದು. ವಿಷವಿಲ್ಲದ ಸೊಪ್ಪು, ಬೀಜಗಳ ವಿನಿಮಯ, ಸಮಾನಾಸಕ್ತರ ಗೆಳೆತನ ಇವೆಲ್ಲ ಲಾಭಗಳೇ. ಆದರೂ ಸಂಪಂಗಿಯ ತೋಟಕ್ಕೂ ತಾರಸಿಯ ತೋಟಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ತಾರಸಿಯ ಗಿಡಕ್ಕೆ ನೀರು ಬರುವುದು ಆ ಮನೆಯ ನಲ್ಲಿಯಿಂದ. ಪಕ್ಕದ ಮನೆಯವರು ಊರು ಬಿಟ್ಟುಹೋದರೂ ಆ ಗಿಡ ಬಾಡುವುದಿಲ್ಲ. ಅಲ್ಲಿ ಹುಟ್ಟುವ ಸ್ನೇಹವು ಅಭಿರುಚಿಯ ಸ್ನೇಹ. ಕೆರೆಯ ಕೆಳಗೆ ಹುಟ್ಟುತ್ತಿದ್ದುದು ಅವಶ್ಯಕತೆಯ ಬಾಂಧವ್ಯ. ಎರಡನೆಯದು ಹೆಚ್ಚು ಸುಖಕರವೆಂದು ನಾವು ಹೇಳುವುದಿಲ್ಲ, ಹೆಚ್ಚು ಗಟ್ಟಿಯೆಂದು ಮಾತ್ರ ಹೇಳುತ್ತೇವೆ.

ಈಗ ಮರಳಿ ರಾಂಪುರಕ್ಕೆ. ಹೆದ್ದಾರಿಯ ಮೇಲಿನ ಊರುಗಳಲ್ಲಿ ಬೆಲೆ ಏರಿದಾಗ ಮೊದಲು ಕಣ್ಣಿಗೆ ಬೀಳುವುದು ಹಿತ್ತಲೇ; ಬೀದಿಯ ಕಡೆಗೆ ಅಂಗಡಿ ಬೆಳೆದಷ್ಟೂ ಮನೆ ಹಿಂದಕ್ಕೆ ಸರಿದು ಹಿತ್ತಲನ್ನು ತಿನ್ನುತ್ತದೆ. ಮೋರಿಗೆ ಕಾಂಕ್ರೀಟು ಹಾಸಿದ ಮೇಲೆ ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗದೆ ರಸ್ತೆಯ ಚರಂಡಿಗೆ ಹೋಗುತ್ತದೆ. ಇದನ್ನು ಶುಚಿತ್ವವೆಂದು ಕರೆಯುವುದು ನ್ಯಾಯವೇ. ಆದರೆ ಅದರೊಡನೆ ಹಿತ್ತಲಿನ ನೀರಾವರಿ ಸದ್ದಿಲ್ಲದೆ ನಿಂತುಹೋಯಿತೆಂಬುದನ್ನೂ ಬರೆದಿಡಬೇಕು. ಕೊಳವೆ ಬಾವಿಯು ಒಬ್ಬರ ನೀರನ್ನು ಇನ್ನೊಬ್ಬರ ಲೆಕ್ಕಕ್ಕೆ ಸಿಗದ ಆಳಕ್ಕೆ ಒಯ್ದಿದೆ. ಕಪಿಲೆಯ ಬಾವಿಯೊಳಗೆ ಇಣಿಕಿದರೆ ನೆರೆಯವನು ಎಷ್ಟು ಎತ್ತಿದನೆಂಬುದು ಕಾಣುತ್ತಿತ್ತು. ಆರು ಅಂಗುಲದ ಕೊಳವೆಯೊಳಗೆ ಏನೂ ಕಾಣುವುದಿಲ್ಲ.

ಹೀಗಿರುವಲ್ಲಿ, ಬಳಸಿದ ನೀರು ಈಗಲೂ ಒಂದೆಡೆ ಕೂಡುವ ಸ್ಥಳ ಯಾವುದೆಂದು ಹುಡುಕಿದರೆ ನಮ್ಮ ಊರುಗಳಲ್ಲಿ ಶಾಲೆಯೊಂದು ಸಿಗುತ್ತದೆ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಬೇಗನೆ ಎಲ್ಲೆಡೆಗೂ ಹಬ್ಬಿದ ಅಕ್ಷರ ದಾಸೋಹದಿಂದ ಸರಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ನಡೆಯುತ್ತಿದೆ. ಶಾಲಾ ಕೈತೋಟಗಳಿಗೆ 2019ರಲ್ಲಿ ಕೇಂದ್ರ ಸರಕಾರವು ಮಾರ್ಗಸೂಚಿಯನ್ನೂ ಕೊಟ್ಟಿದೆ. ಮುನ್ನೂರು ಮಕ್ಕಳ ಶಾಲೆಯೊಂದನ್ನು ಊಹಿಸೋಣ. ಊಟದ ಮುಂಚೆ ಕೈ, ಊಟದ ಮೇಲೆ ತಟ್ಟೆ, ಇವೆರಡಕ್ಕೆ ಮಗುವೊಂದಕ್ಕೆ ಎರಡು ಲೀಟರ್ ಎಂದರೆ 600 ಲೀಟರ್. ಸೋಪು ಅಷ್ಟಾಗಿ ಇಲ್ಲದ, ಅನ್ನದ ಅಗುಳು ಬೆರೆತ ನೀರು. ಅಕ್ಕಿ ಬೇಳೆ ತೊಳೆದ ನೀರು ಇದಕ್ಕೆ ಹೊರತು. ಮೇಲೆ ಹಾಕಿದ ಲೆಕ್ಕದ ಪ್ರಕಾರ ಒಂದು ಗುಂಟೆಗೆ ಇದು ಸಾಕು. ಒಂದು ಗುಂಟೆಯಿಂದ ಮುನ್ನೂರು ಮಕ್ಕಳ ಸಾಂಬಾರಿಗೆ ತರಕಾರಿ ದಿನವೂ ದೊರೆಯಲಾರದು; ಸೊಪ್ಪು ದೊರೆಯುತ್ತದೆ. ಕಾಲುವೆಯ ತಲೆಯಲ್ಲಿ ಬಾಳೆ, ಅನಂತರ ನುಗ್ಗೆ, ಕರಿಬೇವು, ತುದಿಯಲ್ಲಿ ಬಸಳೆಯ ಚಪ್ಪರ. ಭಾನುವಾರಗಳಲ್ಲಿ ತಟ್ಟೆ ತೊಳೆಯುವವರಿಲ್ಲ. ಬೇಸಗೆಯ ರಜೆ ಬಂದಾಗಲಂತೂ ನೀರು ಹೆಚ್ಚಾಗಿ ಬೇಕಾದ ಕಾಲದಲ್ಲಿಯೇ ಅದು ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಆ ವಾರಗಳಲ್ಲಿ ಶಾಲೆಯ ಸುತ್ತಲ ಮನೆಗಳು ಸರದಿಯ ಮೇಲೆ ತಲಾ ಎರಡು ಕೊಡ ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಂದು ಹಾಕಬೇಕು. ಯಾವ ದಿನ ಯಾವ ಮನೆಯ ಸರದಿಯೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.